ಚಾರ್ಜಿಗೆ ಹಾಕಿದ ಲ್ಯಾಪ್‌ಟಾಪ್ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ. ಬಳಸಬಹುದಾ?

ಪ್ರಶ್ನೆ: ತೋಟದಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರ ತಾಲೂಕಿನ ಒಂದು ಹಳ್ಳಿ. ಎರಡೂವರೆ ಎಕರೆ ಅಡಿಕೆ, ನಾಲ್ಕು ದನ, ಒಬ್ಬಳೇ ಮಗಳು. ಅವಳಿಗೆ ಈ ವರ್ಷ ಇಂಜಿನಿಯರಿಂಗ್ ಸೀಟು ಸಿಕ್ಕಿದೆ. ಕಾಲೇಜು ಶುರುವಾಗುವ ಮೊದಲೇ ಲ್ಯಾಪ್‌ಟಾಪ್ ಬೇಕು ಅಂದಳು. ಹೋದ ವಾರ 58,000 ರೂಪಾಯಿ ಕೊಟ್ಟು ಶಿವಮೊಗ್ಗದಿಂದ ತಂದೆವು. ನಮ್ಮ ಮನೆಗೆ ಬಂದ ಮೊದಲ ಕಂಪ್ಯೂಟರ್ ಇದು.

ಮುಚ್ಚಳ, ಮೈ ಎಲ್ಲಾ ಲೋಹದ್ದು. ನೋಡಲು ಚೆಂದ. ಆದರೆ ಚಾರ್ಜಿಗೆ ಹಾಕಿ ಮೇಲೆ ಮೆಲ್ಲಗೆ ಕೈ ಆಡಿಸಿದರೆ ಜುಮ್ ಅನ್ನುತ್ತದೆ. ಶಾಕ್ ಅಲ್ಲ. ಸಣ್ಣ ಇರುವೆ ಸಾಲು ಹರಿದ ಹಾಗೆ. ಅಂಗೈಗಿಂತ ಮಣಿಕಟ್ಟಿನ ಒಳಭಾಗ ತಾಗಿದಾಗ ಜಾಸ್ತಿ ಗೊತ್ತಾಗುತ್ತದೆ. ಪ್ಲಗ್ ಕಿತ್ತ ತಕ್ಷಣ ಏನೂ ಇಲ್ಲ. ಯಜಮಾನರು ಟೆಸ್ಟರ್ ಇಟ್ಟು ನೋಡಿದರು, ಮಂಕಾಗಿ ಉರಿಯಿತು. ಅಂಗಡಿಗೆ ಫೋನ್ ಮಾಡಿದರೆ "ಎಲ್ಲಾ ಮೆಟಲ್ ಬಾಡಿನೂ ಹೀಗೇ ಮೇಡಂ, ಚಪ್ಪಲಿ ಹಾಕ್ಕೊಂಡು ಯೂಸ್ ಮಾಡಿ" ಅಂದರು. ಮನೆಯೊಳಗೆ ಚಪ್ಪಲಿ! ಅತ್ತೆ ಆ ಮಾತು ಕೇಳಿದಾಗಿನಿಂದ ಅದರ ಹತ್ತಿರ ಹೋಗುತ್ತಿಲ್ಲ.

ಇನ್ನೆರಡು ವಿಷಯ. ಹೋದ ವರ್ಷ ಭರಣಿ ಮಳೆಯ ಸಿಡಿಲಿಗೆ ನಮ್ಮ ಡಿಶ್ ಬಾಕ್ಸ್ ಮತ್ತು ನೆಟ್ಟಿನ ಮೋಡೆಮ್ ಒಂದೇ ಏಟಿಗೆ ಹೋದವು. ಹಾಗಾಗಿ ಯಜಮಾನರು ಲ್ಯಾಪ್‌ಟಾಪಿಗೆ ಸ್ಟೆಬಿಲೈಜರ್ ತರುತ್ತೇನೆ ಅನ್ನುತ್ತಿದ್ದಾರೆ. ಬೇಕಾ? ಮತ್ತೆ ಮಗಳು ಇನ್ನೂ ಅಕೌಂಟ್ ಎಲ್ಲಾ ಪೂರ್ತಿ ಮಾಡಿಲ್ಲ. ನೆಂಟರ ಹುಡುಗನೊಬ್ಬ ಪೆನ್‌ಡ್ರೈವ್ ತಂದು "ಎಲ್ಲಾ ಸಾಫ್ಟ್‌ವೇರೂ ಫ್ರೀಯಾಗಿ ಹಾಕಿಕೊಡುತ್ತೇನೆ" ಅಂದಿದ್ದಾನೆ. ಹಾಕಿಸಬಹುದಾ?

ಲ್ಯಾಪ್‌ಟಾಪ್ ಇಟ್ಟಿರುವುದು ಜಗಲಿಯಲ್ಲಿ, ಹಳೆಯ ಹೊಲಿಗೆ ಮಿಷನ್ ಮೇಲೆ. ಅಲ್ಲಿ ಪ್ಲಗ್ ಇಲ್ಲ. ಅಡುಗೆಮನೆಯ ಮಿಕ್ಸಿ ಪ್ಲಗ್‌ನಿಂದ ಎಕ್ಸ್‌ಟೆನ್ಶನ್ ಬಾಕ್ಸ್ ಎಳೆದಿದ್ದೇವೆ. ಧೂಳು ಕೂರಬಾರದು ಅಂತ ಮೇಲೆ ಒಂದು ಮಖ್ಮಲ್ ಬಟ್ಟೆ ಮುಚ್ಚುತ್ತೇವೆ.

—

ಉತ್ತರ: ರಿಪೇರಿಮೇಜು

ಅಕ್ಕಾ, ನಾನು 18 ವರ್ಷದಿಂದ ಲ್ಯಾಪ್‌ಟಾಪ್ ಬಿಚ್ಚಿ ಜೋಡಿಸುವ ಕೆಲಸದಲ್ಲಿದ್ದೇನೆ. ಬಿಚ್ಚಿದ್ದರಲ್ಲಿ ಅರ್ಧದಷ್ಟಕ್ಕೆ ಲ್ಯಾಪ್‌ಟಾಪಿನದ್ದು ತಪ್ಪೇ ಇರುವುದಿಲ್ಲ, ಮನೆಯ ಕರೆಂಟಿನದ್ದು ಇರುತ್ತದೆ. ನಿಮ್ಮದೂ ಅದೇ ಅನ್ನಿಸುತ್ತಿದೆ.

ಆ ಜುಮ್ ಎಲ್ಲಿಂದ ಬರುತ್ತದೆ ಅಂದರೆ, ಅಡಾಪ್ಟರ್ ಒಳಗೆ ಕರೆಂಟಿನ ಗಲಾಟೆ ಸೋಸಲು ಪುಟ್ಟ ಕೆಪಾಸಿಟರ್ ಇಟ್ಟಿರುತ್ತಾರೆ. ಅದರ ಮೂಲಕ ಒಂದಿಷ್ಟು ಸೋರಿಯೇ ಸೋರುತ್ತದೆ. ಒಂದು ಮಿಲಿಆಂಪಿಗಿಂತ ಕಮ್ಮಿ. ಅದು ಸದ್ದಿಲ್ಲದೆ ಅರ್ಥ್ ವೈರ್ ಹಿಡಿದು ಮಣ್ಣಿಗೆ ಇಳಿಯಬೇಕು. ಅರ್ಥ್ ಇಲ್ಲ ಅಂದರೆ ಲೋಹದ ಮೈಮೇಲೇ ಕಾದು ಕೂತಿರುತ್ತದೆ. ನೀವು ಬರಿಗಾಲಲ್ಲಿ ಬಂದು ಮುಟ್ಟಿದಾಗ ನಿಮ್ಮ ಮೈಯೇ ಅರ್ಥ್ ವೈರ್. ಅಂಗಡಿಯವರು ಚಪ್ಪಲಿ ಹಾಕಿ ಅಂದಿದ್ದು ಇದಕ್ಕೇ. ಪೂರ್ತಿ ಸುಳ್ಳಲ್ಲ. ಆದರೆ ಸೋರುವ ಮಾಡಿಗೆ ಕೆಳಗೆ ಬಕೆಟ್ ಇಟ್ಟ ಹಾಗಾಯಿತು.

ಇಷ್ಟು ಸೋರಿಕೆಯಿಂದ ಜೀವಕ್ಕೆ ಅಪಾಯ ಇಲ್ಲ. ನನಗೆ ಹೆದರಿಕೆ ಬೇರೆ. ಈ ಪ್ಲಗ್‌ನಲ್ಲಿ ಅರ್ಥ್ ಇಲ್ಲ ಅಂತ ಲ್ಯಾಪ್‌ಟಾಪ್ ನಿಮಗೆ ಚಾಡಿ ಹೇಳುತ್ತಿದೆ. ಅದೇ ಪ್ಲಗ್‌ನಲ್ಲಿ ನೀವು ಒದ್ದೆ ಕೈಯಲ್ಲಿ ಗ್ರೈಂಡರ್ ಹಾಕುತ್ತೀರಿ, ಅಲ್ವಾ? ಗ್ರೈಂಡರಿನ ಒಳಗೆ ವೈರು ಸುಲಿದು ಮೈಗೆ ತಾಗಿದರೆ ಅದು ಜುಮ್ ಅನ್ನುವುದಿಲ್ಲ, ಎತ್ತಿ ಒಗೆಯುತ್ತದೆ.

ಈಗ ನೀವೇ ನೋಡಬಹುದಾದ್ದು. ಲ್ಯಾಪ್‌ಟಾಪಿನ ಪ್ಲಗ್‌ಗೆ ಮೂರು ಪಿನ್ ಇದೆಯಾ? ವೈರು ಅಡಾಪ್ಟರ್‌ಗೆ ಸಿಕ್ಕಿಸುವ ತುದಿಯಲ್ಲಿ ಬಿಲ್ವಪತ್ರೆ ಆಕಾರದಲ್ಲಿ ಮೂರು ತೂತು ಇದೆಯಾ? ಇದ್ದರೆ ಅರ್ಥ್‌ಗೆ ದಾರಿ ಇದೆ. ಮಧ್ಯೆ ಎಲ್ಲಾದರೂ ಮೂರು ಪಿನ್ನನ್ನು ಎರಡು ಮಾಡುವ ಆ ಬಿಳಿ ಕನ್ವರ್ಟರ್ ಹಾಕಿದ್ದೀರಾ? ಹಾಕಿದ್ದರೆ ಇವತ್ತೇ ಕಿತ್ತು ಎಸೆಯಿರಿ. ಅಡಾಪ್ಟರೇ ಎರಡು ಪಿನ್ನಿನದ್ದಾದರೆ ಮಾತ್ರ ಎಷ್ಟೇ ಒಳ್ಳೆ ಅರ್ಥ್ ಇದ್ದರೂ ಸ್ವಲ್ಪ ಜುಮ್ ಉಳಿಯುತ್ತದೆ. ಅದಕ್ಕೆ ಏನೂ ಮಾಡುವಂತಿಲ್ಲ.

ಮುಖ್ಯವಾಗಿ ನನಗೆ ಗುಮಾನಿ ಇರುವುದು ನಿಮ್ಮ ಎಕ್ಸ್‌ಟೆನ್ಶನ್ ಬಾಕ್ಸ್ ಮೇಲೆ. ಈಗ ಮಳೆಗಾಲ. ಮನೆ ಹಿಂದಿನ ಅರ್ಥ್ ಗುಂಡಿ ಚೆನ್ನಾಗಿ ಒದ್ದೆಯಾಗಿರುತ್ತದೆ. ಬೇಸಿಗೆಯಲ್ಲಾದರೆ ಗುಂಡಿ ಒಣಗಿದೆ, ಒಂದು ಬಿಂದಿಗೆ ನೀರು ಹೊಯ್ಯಿರಿ ಅನ್ನುತ್ತಿದ್ದೆ. ಇಂಥ ಮಳೆಯಲ್ಲೂ ಜುಮ್ ಅಂದರೆ ವೈರೇ ಅಲ್ಲಿಗೆ ತಲುಪುತ್ತಿಲ್ಲ. ಬಾಕ್ಸನ್ನು ಗೋಡೆಯ ಪ್ಲಗ್‌ನಿಂದ ಪೂರ್ತಿ ಕಿತ್ತು, ಸ್ವಿಚ್ ಆಫ್ ಅಲ್ಲ, ಕಿತ್ತು, ಹಿಂದಿನ ಸ್ಕ್ರೂ ಬಿಚ್ಚಿ ಒಳಗೆ ಎಷ್ಟು ವೈರಿದೆ ಎಣಿಸಿ ಹೇಳಿ.

ಟೆಸ್ಟರ್ ನಂಬಬೇಡಿ. ಅದರ ನಿಯಾನ್ ಬಲ್ಬು ಈ ಚೂರು ಸೋರಿಕೆಗೂ ಉರಿಯುತ್ತದೆ, ದೊಡ್ಡ ದೋಷಕ್ಕೂ ಉರಿಯುತ್ತದೆ. ಎರಡನ್ನೂ ಬೇರೆ ಮಾಡಿ ಹೇಳುವುದು ಅದಕ್ಕೆ ಗೊತ್ತಿಲ್ಲ. ಜುಮ್ ಬದಲು ಎಂದಾದರೂ ಚಟ್ ಅಂತ ಹೊಡೆದರೆ, ಅಥವಾ ಅಡಾಪ್ಟರಿನಿಂದ ಸುಟ್ಟ ವಾಸನೆ ಬಂದರೆ, ಮತ್ತೆ ಮುಟ್ಟಿ ನೋಡುವ ಸಾಹಸ ಬೇಡ. ಮೇನ್ ಆಫ್ ಮಾಡಿ ಆಮೇಲೆ ಕೀಳಿ.

ಸ್ಟೆಬಿಲೈಜರ್ ದುಡ್ಡು ಉಳಿಸಿ. ಅಡಾಪ್ಟರ್ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಇನ್‌ಪುಟ್ 100-240 ವೋಲ್ಟ್ ಅಂತ ಇರುತ್ತದೆ. ನಿಮ್ಮೂರಿನ ಲೈನು ಸಂಜೆ ಹೊತ್ತು 160ಕ್ಕೆ ಇಳಿದರೂ ಅದಕ್ಕೆ ಲೆಕ್ಕವಿಲ್ಲ. ಕಮ್ಮಿ ವೋಲ್ಟೇಜಿಗೆ ಸಾಯುವುದು ಫ್ರಿಜ್ಜು, ಪಂಪಿನ ಮೋಟರು. ಲ್ಯಾಪ್‌ಟಾಪ್ ಸಾಯುವುದು ಎರಡಕ್ಕೆ. ಒಂದು ಸಿಡಿಲು. ಇನ್ನೊಂದು, ಮರ ಬಿದ್ದು ಲೈನಿನ ನ್ಯೂಟ್ರಲ್, ಅಂದರೆ ಕರೆಂಟು ವಾಪಸ್ ಹೋಗುವ ತಂತಿ, ಕಡಿದಾಗ. ಆಗ ಮನೆಯೊಳಗೆ 230 ಇರಬೇಕಾದ ಕಡೆ 350, 400 ವೋಲ್ಟ್ ಬರುವುದೂ ಉಂಟು. ಬಲ್ಬು ಒಮ್ಮೆಲೇ ಬೆಳ್ಳಗೆ ಉರಿದರೆ ಯೋಚನೆ ಮಾಡುತ್ತಾ ನಿಲ್ಲಬೇಡಿ, ಮೇನ್ ಆಫ್.

ಸಿಡಿಲಿಗೆ ನಾನು ನಂಬುವ ಮದ್ದು ಒಂದೇ. ಪಡುವಣದಲ್ಲಿ ಮೋಡ ಕಪ್ಪಾಗುವಾಗಲೇ ಎಲ್ಲಾ ಕಿತ್ತಿಡುವುದು. ಸ್ವಿಚ್ ಆಫ್ ಮಾಡಿದರೆ ಸಾಲದು. ಮೈಲಿ ದೂರದಿಂದ ಲೈನ್ ಹಿಡಿದು ಬಂದ ಸಿಡಿಲಿಗೆ ಸ್ವಿಚ್ಚಿನ ಒಳಗಿನ ಮೂರು ಮಿಲಿಮೀಟರ್ ಸಂದು ಯಾವ ಲೆಕ್ಕ. ಮತ್ತೆ ಬರೀ ಚಾರ್ಜರ್ ಅಲ್ಲ. ಮೋಡೆಮ್‌ನಿಂದ ಬರುವ ನೆಟ್ಟಿನ ವೈರು, ಟಿವಿಗೆ ಹಾಕಿದ ಎಚ್‌ಡಿಎಂಐ ವೈರು ಎರಡೂ ಬಿಚ್ಚಿರಬೇಕು. ಎಷ್ಟೋ ಜನ ಚಾರ್ಜರ್ ಕಿತ್ತು ನಿಶ್ಚಿಂತೆಯಾಗಿದ್ದು, ಡಿಶ್ಶಿನಿಂದ ಟಿವಿಗೆ, ಟಿವಿಯಿಂದ ಲ್ಯಾಪ್‌ಟಾಪಿಗೆ ಸಿಡಿಲು ಬಂದು ಬೋರ್ಡ್ ಕಪ್ಪಾದ ಮೇಲೆ ನನ್ನ ಹತ್ತಿರ ಬಂದಿದ್ದಾರೆ. ಬ್ಯಾಟರಿಯಲ್ಲಿ ನಡೆಯುವ ಯಂತ್ರ ಅದು. ಗುಡುಗುವಾಗ ಬ್ಯಾಟರಿಯಲ್ಲೇ ಓದಿಕೊಳ್ಳಲಿ. ತಲೆ ಮೇಲೆ ಗುಡುಗುತ್ತಿದ್ದರೆ ಮಾತ್ರ ವೈರಿಗೆ ಕೈ ಹಾಕಬೇಡಿ. ಆಗ ಹೋದದ್ದು ಹೋಗಲಿ.

ಒಮ್ಮೆಲೇ ನುಗ್ಗುವ ವೋಲ್ಟೇಜನ್ನು ತಡೆಯುವ ಸರ್ಜ್ ಪ್ರೊಟೆಕ್ಟರ್ ಕೇಳುತ್ತೀರಿ ಅಂತ ಗೊತ್ತು. ಒಳ್ಳೆಯದೇ. ಆದರೆ ಅದು ಸಿಡಿಲನ್ನು ತಳ್ಳುವುದೂ ಬಹಳಷ್ಟು ಅರ್ಥ್‌ಗೇ. ಅರ್ಥ್ ಇಲ್ಲದ ಮನೆಯಲ್ಲಿ ಅದರಿಂದ ಅರ್ಧ ಪ್ರಯೋಜನವೂ ಇಲ್ಲ.

ಮಖ್ಮಲ್ ಬಟ್ಟೆ ಆಫ್ ಆದಾಗ ಹೊದೆಸಿ, ನಡೆಯುತ್ತಿರುವಾಗ ಬೇಡ. ಬಿಸಿ ಕೆಳಗಿನ ಕಿಂಡಿ, ಪಕ್ಕದ ಕಿಂಡಿ, ಕೀಬೋರ್ಡ್ ಎಲ್ಲಾ ಕಡೆಯಿಂದ ಹೋಗಬೇಕು. ಹೊಲಿಗೆ ಮಿಷನ್ನಿನ ಹಲಗೆ ಒಳ್ಳೆಯ ಜಾಗ. ಕಂಬಳಿ, ದಿಂಬು ಕೆಟ್ಟ ಜಾಗ. ಮಳೆಗಾಲದಲ್ಲಿ ಬಿಸಿ ಇರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿಡಬೇಡಿ, ಒಳಗೇ ಬೆವರುತ್ತದೆ. ದಿನಾ ಒಂದು ಗಂಟೆ ನಡೆಸಿದರೆ ಅದರ ಬಿಸಿಗೆ ಅದೇ ಒಣಗಿಕೊಳ್ಳುತ್ತದೆ.

ಇನ್ನೊಂದು ಈಗಲೇ ಹೇಳಿಬಿಡುತ್ತೇನೆ. ಆಯುಧಪೂಜೆಯ ಮಾರನೇ ದಿನ ನನಗೆ ಪ್ರತಿ ವರ್ಷ ಎರಡು ಮೂರು ಕೇಸು ಗ್ಯಾರಂಟಿ. ಕೀಬೋರ್ಡಿನ ಸಂದಿನಲ್ಲಿ ಕುಂಕುಮ, ಫ್ಯಾನಿನಲ್ಲಿ ಅರಿಶಿನ, ಒಮ್ಮೆಯಂತೂ ತೀರ್ಥ ಪ್ರೋಕ್ಷಣೆ. ಪೂಜೆ ಮಾಡಿ, ಬೇಡ ಅನ್ನುವುದಿಲ್ಲ. ಮುಚ್ಚಿ, ಆಫ್ ಮಾಡಿ, ಮುಚ್ಚಳದ ಮೇಲೆ ಒಂದು ಹೂವು ಇಟ್ಟರೆ ಸಾಕು.

—

ತೋಟದಮನೆ

ಬಾಕ್ಸ್ ಬಿಚ್ಚಿದೆವು. ಎರಡೇ ವೈರು! ಕೆಂಪು ಒಂದು, ಕಪ್ಪು ಒಂದು. ಮೂರನೆಯ ತೂತಿನ ಹಿಂದೆ ಹಿತ್ತಾಳೆ ತುಂಡೊಂದು ಸುಮ್ನೆ ಕೂತಿದೆ, ಅದಕ್ಕೆ ಏನೂ ಕಟ್ಟಿಲ್ಲ. ಹೊರಗಿನಿಂದ ನೋಡಿದರೆ ಮೂರು ಪಿನ್ನಿನದ್ದೇ. ಎರಡು ವರ್ಷದ ಹಿಂದೆ ಜಾತ್ರೆಯಲ್ಲಿ 180 ರೂಪಾಯಿಗೆ ತಂದಿದ್ದು. ಲ್ಯಾಪ್‌ಟಾಪಿನ ಪ್ಲಗ್‌ಗೆ ಮೂರು ಪಿನ್ ಇದೆ, ಬಿಲ್ವಪತ್ರೆಯೂ ಇದೆ.

ಲ್ಯಾಪ್‌ಟಾಪನ್ನು ಅಡುಗೆಮನೆಗೆ ಒಯ್ದು ನೇರ ಮಿಕ್ಸಿ ಪ್ಲಗ್‌ಗೆ ಹಾಕಿ ನೋಡಿದೆವು. ಜುಮ್ ಕಮ್ಮಿಯಾಗಿದೆ, ಪೂರ್ತಿ ಹೋಗಿಲ್ಲ.

—

ರಿಪೇರಿಮೇಜು

ಜಾತ್ರೆ ಬಾಕ್ಸ್! ನಾನು ಬಿಚ್ಚಿದ ಹತ್ತರಲ್ಲಿ ಏಳು ಹೀಗೇ. ಮೂರು ತೂತು ತೋರಿಸಿ ಎರಡು ವೈರು ಕೊಡುತ್ತಾರೆ.

ಕಮ್ಮಿಯಾಗಿ ಪೂರ್ತಿ ಹೋಗಿಲ್ಲ ಅಂದರೆ ಗೋಡೆಯ ಅರ್ಥ್ ಕೂಡ ಸಡಿಲ ಇದೆ. ಇದು ಇನ್ನು ನಿಮ್ಮ ಕೈಯ ಕೆಲಸ ಅಲ್ಲ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ. ಅವರು ಮೀಟರ್ ಇಟ್ಟು ಮೂರು ಕಡೆ ಅಳೆಯಬೇಕು. ಫೇಸ್‌ನಿಂದ, ಅಂದರೆ ಕರೆಂಟು ಬರುವ ತಂತಿಯಿಂದ, ನ್ಯೂಟ್ರಲ್‌ಗೆ 230ರ ಆಸುಪಾಸು. ಫೇಸ್‌ನಿಂದ ಅರ್ಥ್‌ಗೂ ಹೆಚ್ಚುಕಮ್ಮಿ ಅಷ್ಟೇ. ನ್ಯೂಟ್ರಲ್‌ನಿಂದ ಅರ್ಥ್‌ಗೆ ಎರಡು ಮೂರು ವೋಲ್ಟ್. ಟೆಸ್ಟರ್ ಮಾತ್ರ ಹಿಡಿದು ಬಂದು "ಎಲ್ಲಾ ಸರಿ ಇದೆ" ಅಂದವರಿಗೆ ಕಾಫಿ ಕೊಟ್ಟು ಕಳಿಸಿ, ಬೇರೆಯವರನ್ನು ಕರೆಸಿ. ಹೇಗೂ ಬಂದಿರುತ್ತಾರೆ, 30 ಮಿಲಿಆಂಪಿನ ಆರ್‌ಸಿಸಿಬಿ ಒಂದನ್ನು ಮೇನ್ ಪಕ್ಕ ಕೂರಿಸಲು ಹೇಳಿ. ಮೈಮೇಲೆ ಕರೆಂಟು ಹರಿದರೆ ಕಣ್ಣು ಮಿಟುಕಿಸುವುದರೊಳಗೆ ಆಫ್ ಮಾಡುತ್ತದೆ. ಸ್ಟೆಬಿಲೈಜರ್‌ಗೆ ಎತ್ತಿಟ್ಟ ದುಡ್ಡನ್ನು ಇದಕ್ಕೆ ಹಾಕಿ.

—

ಉತ್ತರ: ಹಾಸ್ಟೆಲ್‌ಹುಡುಗಿ

ಆಂಟಿ, ಕರೆಂಟಿನ ವಿಷಯ ಅಣ್ಣ ಹೇಳಿಯಾಯಿತು. ಅಕೌಂಟಿನ ವಿಷಯ ನಾನು ಹೇಳುತ್ತೇನೆ. ನಾನು ಫೈನಲ್ ಇಯರ್.

ಮೊದಲ ವರ್ಷ ನನ್ನ ರೂಮ್‌ಮೇಟ್‌ಗೆ ಆದದ್ದು ಕೇಳಿ. ಲ್ಯಾಪ್‌ಟಾಪ್ ಕೊಂಡ ಅಂಗಡಿಯಲ್ಲೇ "ಸೆಟಪ್ ಮಾಡಿ ಕೊಡುತ್ತೇವೆ" ಅಂದು ಅವರದೇ ಯಾವುದೋ ಇಮೇಲ್ ಹಾಕಿ ಅಕೌಂಟ್ ತೆರೆದು ಕೊಟ್ಟಿದ್ದರು. ಎಂಟು ತಿಂಗಳು ಏನೂ ತೊಂದರೆ ಇಲ್ಲ. ಲ್ಯಾಬ್ ಪರೀಕ್ಷೆಯ ಹಿಂದಿನ ರಾತ್ರಿ ಏನೋ ಅಪ್‌ಡೇಟ್ ಆಗಿ ನೀಲಿ ಪರದೆ ಬಂತು. ಬಿಟ್‌ಲಾಕರ್, ಅಂದರೆ ಡಿಸ್ಕಿನ ಬೀಗದ, ರಿಕವರಿ ಕೀ ಕೊಡು ಅಂತ. 48 ಅಂಕಿಯ ನಂಬರು ಅದು. ಈಗಿನ ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಒಳಗೆ ಹೋದರೆ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಬೀಗ ಹಾಕಿಕೊಳ್ಳುತ್ತದೆ. ಕಳ್ಳನ ಕೈಗೆ ಸಿಕ್ಕರೂ ಫೈಲ್ ಸಿಗಬಾರದು ಅಂತ. ಬೀಗದ ಕೈ ಆ ಅಕೌಂಟಿನಲ್ಲಿ ಕೂತಿರುತ್ತದೆ. ಅವಳ ಕೀ ಅಂಗಡಿಯವರ ಇಮೇಲಿನಲ್ಲಿ. ಆ ಇಮೇಲ್ ಮಾಡಿದ ಹುಡುಗ ಕೆಲಸ ಬಿಟ್ಟು ಹೋಗಿದ್ದ, ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಎಲ್ಲಾ ಅಳಿಸಿ ಹೊಸದಾಗಿ ವಿಂಡೋಸ್ ಹಾಕಬೇಕಾಯಿತು. ಎಂಟು ತಿಂಗಳ ನೋಟ್ಸ್, ರೆಕಾರ್ಡ್, ಅವಳ ಅಜ್ಜನ ಫೋಟೋ ಎಲ್ಲಾ ಹೋಯಿತು.

ಅದಕ್ಕೇ, ಅಕೌಂಟ್ ನಿಮ್ಮ ಮಗಳ ಸ್ವಂತ ಇಮೇಲಿನಲ್ಲೇ ಇರಲಿ, ಅವಳದೇ ಮೊಬೈಲ್ ನಂಬರ್. ಬೇರೆ ಎಲ್ಲೂ ಬಳಸದ ಪಾಸ್‌ವರ್ಡ್. ಆಮೇಲೆ ಬ್ರೌಸರಿನಲ್ಲಿ ಅದೇ ಮೈಕ್ರೋಸಾಫ್ಟ್ ಅಕೌಂಟಿಗೆ ಹೋಗಿ, ಡಿವೈಸಸ್ ಅನ್ನುವ ಕಡೆ ರಿಕವರಿ ಕೀ ಇದೆಯಾ ನೋಡಿ. ಇದ್ದರೆ ಆ 48 ಅಂಕಿಯನ್ನು ಕಾಗದದ ಮೇಲೆ ಬರೆಯಿರಿ. ನಾನು ಬರೆದಿದ್ದನ್ನು ಅಪ್ಪ ಪಹಣಿ ಫೈಲಿನಲ್ಲಿ ಇಟ್ಟಿದ್ದಾರೆ. ನಮ್ಮ ಮನೆಯಲ್ಲಿ ಯಾವತ್ತೂ ಕಳೆಯದ ವಸ್ತು ಅಂದರೆ ಅದೊಂದೇ.

ನೆಂಟರ ಹುಡುಗನ ಪೆನ್‌ಡ್ರೈವ್ ಬೇಡವೇ ಬೇಡ. ಅಂಗಡಿಯಿಂದ ತಂದ ನಿಮ್ಮ ಲ್ಯಾಪ್‌ಟಾಪಿನಲ್ಲಿ ಅಸಲಿ ವಿಂಡೋಸ್ ಬಂದಿರುತ್ತದೆ, ಹೊಸದಾಗಿ ಹಾಕುವ ಅಗತ್ಯವೇ ಇಲ್ಲ. ಆಫೀಸ್ ಕೂಡ ಜೊತೆಗೆ ಬಂದಿದೆಯಾ ಬಿಲ್ ನೋಡಿ. ಇಲ್ಲದಿದ್ದರೆ ಲಿಬ್ರೆಆಫೀಸ್ ಪೂರ್ತಿ ಉಚಿತ, ಮೊದಲ ವರ್ಷಕ್ಕೆ ಧಾರಾಳ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕುವಾಗ "ಮೊದಲು ಆಂಟಿವೈರಸ್ ಆಫ್ ಮಾಡಿ" ಅನ್ನುತ್ತಾರಲ್ಲ, ಬಾಗಿಲು ತೆಗೆದಿಟ್ಟು ಮಲಗಿ ಅಂದ ಹಾಗೆ. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್ ಕದಿಯುವ ವೈರಸ್ ಬರುವ ದೊಡ್ಡ ದಾರಿಯೇ ಅದು.

ಆಂಟಿವೈರಸ್ ಬೇರೆ ಕೊಳ್ಳಬೇಕಾಗಿಲ್ಲ. ವಿಂಡೋಸಿನ ಒಳಗೇ ಇದೆ. ಹೊಸ ಲ್ಯಾಪ್‌ಟಾಪಿನ ಜೊತೆ ತಿಂಗಳ ಟ್ರಯಲ್ ಆಂಟಿವೈರಸ್ ಬಂದಿದ್ದರೆ ತೆಗೆದುಬಿಡಿ. ಅವಧಿ ಮುಗಿದ ಮೇಲೆ ಹೆದರಿಸಿ ಹೆದರಿಸಿ ದುಡ್ಡು ಕೇಳುತ್ತದೆ. ಮೊದಲ ಸಲದ ಅಪ್‌ಡೇಟ್‌ಗೆ ಕೆಲವು ಜಿಬಿ ಡೇಟಾ ಬೇಕು. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಮಾಡಿದರೆ ನಿಮ್ಮ ದಿನದ ಡೇಟಾ ಬೆಳಗಿನ ತಿಂಡಿಗೇ ಮುಗಿಯುತ್ತದೆ. ಹಾಟ್‌ಸ್ಪಾಟನ್ನು ಮೀಟರ್ಡ್ ಕನೆಕ್ಷನ್ (ಡೇಟಾ ಮಿತಿ ಇರುವ ಸಂಪರ್ಕ) ಅಂತ ಗುರುತು ಮಾಡಿ, ಅಪ್‌ಡೇಟನ್ನು ಒಳ್ಳೆ ವೈಫೈ ಇರುವ ಕಡೆ, ಚಾರ್ಜಿಗೆ ಹಾಕಿಕೊಂಡು ಮಾಡಿ.

ಕನ್ನಡ ಟೈಪ್ ಮಾಡಲು ಸೆಟ್ಟಿಂಗ್ಸಿನ ಭಾಷೆ ವಿಭಾಗದಲ್ಲಿ ಕನ್ನಡ ಸೇರಿಸಿ, ಫೊನೆಟಿಕ್ ಕೀಬೋರ್ಡ್ ಆರಿಸಿ. ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ ಬರುತ್ತದೆ. ನೀವೂ ಬಳಸುವುದಾದರೆ ನಿಮಗೆ ಬೇರೆ ಯೂಸರ್ ಮಾಡಿಕೊಳ್ಳಿ. ಮಗಳ ಪ್ರಾಜೆಕ್ಟ್ ಅಳಿಸಿದ ಅಪವಾದ ತಪ್ಪುತ್ತದೆ.

—

ಉತ್ತರ: ಸಾಗರದ ಕಡೆಯವ

ಒಂದು ಮಾತು ಸೇರಿಸಲಾ? ನಾನು 18,500 ಕಳೆದುಕೊಂಡು ಕಲಿತದ್ದು. ಏನೋ ಹುಡುಕುವಾಗ ಪರದೆ ತುಂಬ ಕೆಂಪು ಎಚ್ಚರಿಕೆ ಬಂತು. ಕಂಪ್ಯೂಟರಿನಿಂದ ಕೂಗುವ ಸದ್ದು. ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಈ ನಂಬರಿಗೆ ಫೋನ್ ಮಾಡಿ ಅಂತ. ಮಾಡಿದೆ. ಬಹಳ ಮರ್ಯಾದೆಯಿಂದ ಮಾತಾಡಿದರು. ಒಂದು ಆ್ಯಪ್ ಹಾಕಿಸಿದರು, ಆಮೇಲೆ ಬಾಣ ತಾನಾಗಿಯೇ ಓಡಾಡತೊಡಗಿತು. ನಾನು ನೋಡುತ್ತಾ ಕೂತಿದ್ದೆ, ಅದೇ ಬೇಜಾರು.

ಮೈಕ್ರೋಸಾಫ್ಟ್ ಯಾರ ಪರದೆ ಮೇಲೂ ಫೋನ್ ನಂಬರ್ ಕೊಟ್ಟು ಕರೆ ಮಾಡಿ ಅನ್ನುವುದಿಲ್ಲವಂತೆ. ಆಮೇಲೆ ಗೊತ್ತಾಯಿತು. ಅಂಥದ್ದು ಬಂದರೆ ಆಲ್ಟ್ ಮತ್ತು ಎಫ್4 ಒತ್ತಿ. ಹೋಗದಿದ್ದರೆ ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದು ಆಫ್ ಮಾಡಿ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಜೊತೆಗೆ ಬ್ಯಾಂಕಿಗೆ. ನಾನು ನಾಚಿಕೆಯಿಂದ ಎರಡು ದಿನ ಮನೆಯಲ್ಲಿ ಹೇಳಲಿಲ್ಲ. ಅಷ್ಟರಲ್ಲಿ ಅದು ಯಾವ್ಯಾವುದೋ ಖಾತೆ ದಾಟಿ ಹೋಗಿತ್ತು.

—

ತೋಟದಮನೆ

ಹತ್ತು ದಿನ ಆಯಿತು, ಕೆಲಸ ಇತ್ತು. ಎಲೆಕ್ಟ್ರಿಷಿಯನ್ ಮೀಟರ್ ಹಿಡಿದೇ ಬಂದರು. ಫೇಸ್‌ನಿಂದ ಅರ್ಥ್‌ಗೆ ಅಳೆದರೆ 140 ಅಂತ ತೋರಿಸಿತು. ಹಿತ್ತಲಿಗೆ ಹೋಗಿ ನೋಡಿದರೆ ಅರ್ಥ್ ಪೈಪಿಗೆ ಕಟ್ಟಿದ ತಂತಿ ತುಕ್ಕು ಹಿಡಿದು ಹೆಸರಿಗೆ ಮಾತ್ರ ತಾಗಿಕೊಂಡಿತ್ತು. ಮುಟ್ಟಿದರೆ ಕೈಗೇ ಬಂತು. ಅದರ ಮೇಲೆ ನಾನೇ ಮೂರು ವರ್ಷದಿಂದ ದಾಸವಾಳದ ಗಿಡ ಬೆಳೆಸಿದ್ದೆ. ಹೊಸ ಕ್ಲಾಂಪ್ ಹಾಕಿದರು, ಜಗಲಿಗೆ ಒಂದು ಹೊಸ ಪ್ಲಗ್ ಎಳೆದರು, ಆರ್‌ಸಿಸಿಬಿ ಕೂರಿಸಿದರು. ಆಮೇಲೆ ಅಳೆದಾಗ 226. ಎಲ್ಲಾ ಸೇರಿ 4,300 ಆಯಿತು. ಆರ್‌ಸಿಸಿಬಿ ಮೊದಲ ದಿನವೇ ಎರಡು ಸಲ ತಾನಾಗಿಯೇ ಆಫ್ ಆಯಿತು. ಹುಡುಕಿದರೆ ಹಳೇ ಗ್ರೈಂಡರಿನಲ್ಲಿ ನಿಜವಾಗಿಯೂ ವೈರ್ ಸುಲಿದಿತ್ತು. ಅದನ್ನು ಕೇಳಿ ಯಜಮಾನರು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಲ್ಯಾಪ್‌ಟಾಪ್ ಈಗ ಜುಮ್ ಅನ್ನುವುದಿಲ್ಲ. ಮಣಿಕಟ್ಟು ಇಟ್ಟು ನೋಡಿದೆ. ಮಗಳ ಇಮೇಲಿನಲ್ಲೇ ಅಕೌಂಟ್ ಮಾಡಿದೆವು, ನಂಬರ್ ಬರೆದು ಜಾತಕದ ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ. ಅತ್ತೆ ಮೊನ್ನೆ ಹತ್ತಿರ ಬಂದು ಒಂದು ಬೆರಳು ಮುಟ್ಟಿಸಿ ಹೋದರು.

ಆ ಜಾತ್ರೆ ಬಾಕ್ಸ್ ಏನು ಮಾಡಲಿ? ಚೆನ್ನಾಗಿಯೇ ಇದೆ. ಮೊಬೈಲ್ ಚಾರ್ಜಿಗೆ ಇಟ್ಟುಕೊಳ್ಳಲಾ?

—

ರಿಪೇರಿಮೇಜು

ಬೇಡ ಅಕ್ಕಾ. ವೈರನ್ನು ಎರಡು ತುಂಡು ಮಾಡಿ ಗುಜರಿಗೆ ಹಾಕಿ. ಅಟ್ಟಕ್ಕೆ ಹಾಕಿದರೆ ಮುಂದಿನ ಸಮಾರಾಧನೆಗೆ ಯಾರೋ ಇಳಿಸಿ ಅಂಗಳದಲ್ಲಿ ಗ್ರೈಂಡರ್‌ಗೆ ಸಿಕ್ಕಿಸುತ್ತಾರೆ.